ಹತ್ತೊಂಬತ್ತನೆಯ ಜ್ವರ

ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡ ಕಲ್ಲಪ್ಪನ ಶವದ ಹಣೆಗೆ ಕಾಶಮ್ಮ ವಿಭೂತಿ ಹಚ್ಚುತ್ತಿದ್ದಾಗ, ಆಸ್ಪತ್ರೆಯ ನರ್ಸ್ ಜಗದಾಂಬಾ ಹಿತ್ತಿಲ ಬಾಗಿಲಿನಿಂದ ಒಳಬಂದಳು. ಕೈಯಲ್ಲಿ ಆ ವಾರದ ಜ್ವರದ ಪಟ್ಟಿ; ೨೦೦೯ರ ಆಗಸ್ಟ್ ತಿಂಗಳು.

“ಅಕ್ಕಾ, ಇವತ್ತು ಸೋಮವಾರ. ಹನ್ನೆರಡರೊಳಗೆ ಶಿವಮೊಗ್ಗದ ಆಫೀಸಿಗೆ ಫೋನ್ ಮಾಡ್ಬೇಕು. ಹದಿನೆಂಟು ಬರ್ದಿದೀನಿ. ಅಣ್ಣನ್ನ ಸೇರಿಸಿದ್ರೆ ಹತ್ತೊಂಬತ್ತು.”

“ಸೇರಿಸ್ಬೇಡ ಮಾರಾಯ್ತಿ. ಹಂದಿಜ್ವರ ಅಂತ ಸುದ್ದಿ ಆದ್ರೆ ಇವ್ರನ್ನ ಹೊರೋಕೆ ಯಾರು ನಿಲ್ತಾರೆ? ಹೋದ ವಾರ ಭದ್ರಾವತೀಲಿ ಸತ್ತೋರ ಹತ್ರ ಸ್ವಂತ ತಮ್ಮನೇ ಸುಳೀಲಿಲ್ವಂತೆ. ಎಲ್ರಿಗೂ ಎದೆನೋವು ಅಂದಿದೀನಿ.”

ಹೊರಗೆ ಶಾಮಿಯಾನದಡಿಯಿಂದ ನೆರೆಮನೆಯ ಸಿದ್ದಯ್ಯಜ್ಜನ ದನಿ ಕೇಳಿಸಿತು. “ಕಲ್ಲಪ್ಪ ನನ್ ಕೆಮ್ಮನ್ನ ದಿಲ್ಲಿ ತನಕ ಮುಟ್ಟಿಸ್ದೋನು ಕಣ್ರೋ. ನಾನಿನ್ನೂ ಬೆಂಗಳೂರೇ ನೋಡಿಲ್ಲ!”

ನಗುವೊಂದು ಎದ್ದು, ನಾಚಿ, ಅಡಗಿತು.

*

ಮಲವಗೊಪ್ಪದ ಆ ಪುಟ್ಟ ಆಸ್ಪತ್ರೆಯಲ್ಲಿ ಕಲ್ಲಪ್ಪನದು ಎಣಿಸುವ ಕೆಲಸ. ಜ್ವರದ ಜೊತೆ ಕೆಮ್ಮಿದ್ದವರು ಈ ವಾರ ಎಷ್ಟು? ದೇಶದ ಅಲ್ಲಲ್ಲಿ ಆಯ್ದ ಆಸ್ಪತ್ರೆಗಳಿಂದ ಹೊರಟ ಇಂಥ ಅಂಕಿಗಳೇ, ರೋಗವೊಂದು ಯಾವ ದಿಕ್ಕಿನಿಂದ ನಡೆದು ಬರುತ್ತಿದೆಯೆಂದು ಹೇಳುತ್ತಿದ್ದವು. ಯಾರೂ ಬಾರದ ವಾರವೂ ಆತ ಫೋನಿನಲ್ಲಿ ಗಟ್ಟಿಯಾಗಿ “ಸೊನ್ನೆ” ಎನ್ನುತ್ತಿದ್ದ.

“ಸೊನ್ನೆ ಹೇಳೋಕೂ ಫೋನಾ?” ಎಂದು ಕಾಶಮ್ಮ ಅಣಕಿಸಿದ್ದಳು.

“ಸುಮ್ನಿದ್ರೆ ಯಾರೂ ನೋಡ್ಲೇ ಇಲ್ಲ ಅಂತಾಗುತ್ತೆ ಕಣೇ. ನೋಡ್ದೆ, ಇರ್ಲಿಲ್ಲ ಅಂತ ಹೇಳ್ಬೇಕು.”

ಕಳೆದ ಗುರುವಾರ ಆತನಿಗೇ ಜ್ವರವೇರಿತು. “ನನ್ನನ್ನೂ ಸೇರಿಸು,” ಎಂದು ಜಗದಾಂಬಾಗೆ ಹೇಳಿ ಮಲಗಿದವನು ಮತ್ತೆ ಏಳಲಿಲ್ಲ.

*

“ನೀವು ಬೇಡ ಅಂದ್ರೆ ಬರೆಯಲ್ಲ ಅಕ್ಕಾ,” ಜಗದಾಂಬಾ ತಗ್ಗಿದ ದನಿಯಲ್ಲಿ ಹೇಳಿದಳು. “ಆದ್ರೆ ಹೊರೋರು ಎದೆನೋವು ಅಂದ್ಕೊಂಡೇ ಹತ್ರ ಬರ್ತಾರೆ. ಸಿದ್ದಯ್ಯಜ್ಜಂಗೆ ಎಪ್ಪತ್ತಾಯ್ತು.”

ಕಾಶಮ್ಮ ವಿಭೂತಿಯನ್ನು ಕೆಳಗಿಟ್ಟಳು. ಆಮೇಲೆ ಎದ್ದು ಹೊಸ್ತಿಲಿಗೆ ಬಂದಳು.

“ನಾನು ಸುಳ್ಳು ಹೇಳ್ದೆ. ಎದೆನೋವಲ್ಲ, ಇವ್ರಿಗೆ ಜ್ವರ ಇತ್ತು, ಕೆಮ್ಮಿತ್ತು. ಹೋಗೋರು ಹೋಗಿ. ನಂಗೆ ಬೇಜಾರಿಲ್ಲ.”

ಕುರ್ಚಿಗಳು ಸರಿದವು. ಒಬ್ಬೊಬ್ಬರೇ ಚಪ್ಪಲಿ ಹುಡುಕಿ ಮೆಟ್ಟಿ, ಕೈಮುಗಿದು, ತಿರುಗಿ ನೋಡದೆ ನಡೆದರು. ಒಳಗೆ ಜಗದಾಂಬಾ ಫೋನಿನಲ್ಲಿ “ಹತ್ತೊಂಬತ್ತು” ಎನ್ನುವುದು ಉಳಿದವರಿಗೆಲ್ಲ ಕೇಳಿಸಿತು.

ಸಿದ್ದಯ್ಯ ಎದ್ದ. ಹೋಗುತ್ತಾನೆಂದೇ ಕಾಶಮ್ಮ ತಲೆ ತಗ್ಗಿಸಿದಳು.

“ನನ್ ಕೆಮ್ಮಿಗೆ ಅವ್ನೇನು ಹೆದರಿದ್ನಾ?” ಎನ್ನುತ್ತ ಮುದುಕ ಹೆಗಲ ಟವೆಲನ್ನು ಮೂಗಿನ ಮೇಲೆ ಬಿಗಿದುಕೊಂಡ. ಅವನನ್ನು ನೋಡಿ ಇನ್ನೂ ಮೂವರು.

ಮಧ್ಯಾಹ್ನದ ಬಿಸಿಲಲ್ಲಿ ಕಲ್ಲಪ್ಪ ಕುಳಿತೇ ಬೀದಿ ದಾಟಿದ. ಹೊತ್ತವರ ನಾಲ್ಕು ಟವೆಲುಗಳು ಉಸಿರಿಗೊಮ್ಮೆ ಉಬ್ಬುತ್ತ, ಉಸಿರಿಗೊಮ್ಮೆ ಬಾಯಿಗಂಟುತ್ತ ಸಾಗಿದವು. ಅವರ ನಡುವೆ, ಎತ್ತರದಲ್ಲಿ, ಅವನೊಬ್ಬನ ಬಾಯಿಗೆ ಮಾತ್ರ ಬಟ್ಟೆ ಇರಲಿಲ್ಲ.