ಉಡಚಪ್ಪನ ಟೆಂಪೋಕ್ಕೆ ಹೊಸ ಬ್ಯಾಟರಿ

ಬ್ಯಾಟರಿ ಅಂಗಡಿಗೆ ಬರುವಷ್ಟು ಮೂರ್ಖರು ಬೇರೆ ಯಾವ ಅಂಗಡಿಗೂ ಬರುವುದಿಲ್ಲ. ರಾಣೇಬೆನ್ನೂರಿನ ಬಸ್ ಸ್ಟ್ಯಾಂಡ್ ಹಿಂದೆ ಅಂಗಡಿ ಇಟ್ಟುಕೊಂಡು ಕೂತ ಈ ವಿರೂಪಾಕ್ಷ ಇದನ್ನು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡಿ ಹೇಳುತ್ತಾನೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ಬಾಲ ಎತ್ತಿ, ನಾಲ್ಕು ಸಂತೆ ತಿರುಗುವ ಮನುಷ್ಯ ಬ್ಯಾಟರಿ ಕೊಳ್ಳುವಾಗ ಅದರ ಬಣ್ಣ ನೋಡುತ್ತಾನೆ. ಬ್ಯಾಡಗಿಯ ಮೆಣಸಿನಕಾಯಿ ದಲಾಲನೊಬ್ಬ ಟ್ರ್ಯಾಕ್ಟರಿನ ಬ್ಯಾಟರಿ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡು, "ಇದು ಗಟ್ಟಿ ಐತಿ, ಇದನ್ನ ನನ್ನ ಸ್ಕೂಟರಿಗೆ ಹಾಕ್ರಿ" ಅಂದ. ಹಾಕಿದ್ದರೆ ಸ್ಕೂಟರಿನ ಮೇಲೆ ಬ್ಯಾಟರಿ ಕೂರುತ್ತಿತ್ತು, ದಲಾಲ ಹಿಂದೆ ನಡೆದು ಬರಬೇಕಾಗುತ್ತಿತ್ತು. ಹಾವೇರಿಯಿಂದ ಬಂದ ಗುಮಾಸ್ತನೊಬ್ಬ ತೆಂಗಿನಕಾಯಿ ಬಡಿದ ಹಾಗೆ ಬೆರಳಿನಿಂದ ಬಡಿದು, ಕಿವಿ ಹಚ್ಚಿ ಕೇಳಿದ. ಅದೇನು ಕೇಳಿಸಿತೋ, ಬೇಡವೆಂದು ಎದ್ದು ಹೋದ.

ಇವರಿಗೆಲ್ಲ ಗುರುವಾಗಿದ್ದವನು ಉಡಚಪ್ಪ. ಎಂಬತ್ತೊಂಬತ್ತರ ಮಾತಿದು, ನಾವೆಲ್ಲ ಆಗಿನ್ನೂ ಧಾರವಾಡ ಜಿಲ್ಲೆಯವರು. ಅವನು ಕುಪ್ಪೇಲೂರಿಗೂ ರಾಣೇಬೆನ್ನೂರಿಗೂ ನಡುವೆ ಡೀಸೆಲ್ ಟೆಂಪೋ ಓಡಿಸುತ್ತಿದ್ದ. ಹಾವೇರಿಯ ಗುಜರಿಯಲ್ಲಿ ಯಾವುದೋ ಹಳೆಯ ಕಾರಿನಿಂದ ಕಿತ್ತ ಬ್ಯಾಟರಿ ಅಗ್ಗಕ್ಕೆ ಸಿಕ್ಕಿತೆಂದು ತಂದು ಅದನ್ನೇ ಕೂರಿಸಿಕೊಂಡಿದ್ದ. ಡೀಸೆಲ್ ಎಂಜಿನ್ನನ್ನು ಮೊದಲ ಸಲ ತಿರುಗಿಸಲು ಬ್ಯಾಟರಿಗೆ ರಟ್ಟೆಯ ಬಲ ಬೇಕು. ಪೆಟ್ರೋಲ್ ಕಾರಿನ ಬ್ಯಾಟರಿಯಿಂದ ಆ ಕೆಲಸ ಮಾಡಿಸುವುದೆಂದರೆ ನೊಗಕ್ಕೆ ಆಡು ಕಟ್ಟಿದ ಹಾಗೆ. ಅವನಿಗೆ ಅದನ್ನೇ ಹೇಳಿದೆ.

"ಎರಡೂ ಬ್ಯಾಟರಿನ ಹೌದಲ್ರಿ ಅಣ್ಣಾರ" ಅಂದ.

ಹೀಗಾಗಿ ಆ ಟೆಂಪೋ ಚಾವಿಯಿಂದ ಚಾಲೂ ಆಗುತ್ತಿರಲಿಲ್ಲ, ಜನರಿಂದ ಚಾಲೂ ಆಗುತ್ತಿತ್ತು. ಕುಪ್ಪೇಲೂರಿನವರು ಟಿಕೀಟಿನ ಹಣ ಕೊಟ್ಟು, ಕೆಳಗಿಳಿದು, ಹಿಂದಿನಿಂದ ದಬ್ಬಿ, ಓಡಿ ಬಂದು ಹತ್ತಿಕೊಳ್ಳುತ್ತಿದ್ದರು. ಬಸುರಿಯರಿಗೂ ಕೈಯಲ್ಲಿ ಕೋಳಿ ಹಿಡಿದವರಿಗೂ ಮಾತ್ರ ಮಾಫಿ. ಉಡಚಪ್ಪ ಮೇಲೆ ಕೂತು, "ಎರಡನೇ ಗೇರ್ ಹಾಕೇನಿ, ದಬ್ಬ್ರಿ, ಕ್ಲಚ್ ಬಿಡತೇನಿ" ಎಂದು ಒದರುತ್ತಿದ್ದ. ಗಾಡಿ ಏಳಲಿಲ್ಲ ಅಂದರೆ ತಪ್ಪು ಥಂಡಿಯದು. ಇಲ್ಲವೆ ಡೀಸೆಲ್ ಬಂಕಿನವನದು, ದಪ್ಪಗಿದ್ದ ಹೆಡ್ ಮಾಸ್ತರರದು, ಅಡ್ಡ ಬಂದ ಬೆಕ್ಕಿನದು. ಬೆಕ್ಕು ಸಿಗದ ದಿನ ಬ್ಯಾಟರಿ ಚಾರ್ಜ್ ಮಾಡಿಕೊಟ್ಟ ನನ್ನದು. ಉಡಚಪ್ಪನ ಬಾಯಿಂದ 'ನಂದ ತಪ್ಪು' ಅನ್ನುವ ಮಾತು ಕೇಳಿದವರು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ತಾಲೂಕು ಜರಡಿ ಹಿಡಿದರೂ ಸಿಗುತ್ತಿರಲಿಲ್ಲ.

ಹೀಗೆ ದಬ್ಬುವವರಲ್ಲಿ ಶೇಖವ್ವ ಒಬ್ಬಳು. ಕುಪ್ಪೇಲೂರಿನ ಲಕ್ಕಪ್ಪನ ಮಗಳು; ಹೊಲಿಗೆ ಕಲಿಯಲು ದಿನಾ ರಾಣೇಬೆನ್ನೂರಿಗೆ ಬರುತ್ತಿದ್ದಳು. ಬೇರೆ ಗಂಡಸರು ಹುಡುಗಿಯರನ್ನು ಬಾವಿಕಟ್ಟೆಯಲ್ಲೋ ಸಂತೆಯಲ್ಲೋ ನೋಡಿ ಮನಸ್ಸು ಕಳೆದುಕೊಳ್ಳುತ್ತಾರೆ. ಉಡಚಪ್ಪ ಟೆಂಪೋದ ಕನ್ನಡಿಯಲ್ಲಿ, ಅವಳು ಹಲ್ಲು ಕಚ್ಚಿ ತನ್ನ ಗಾಡಿ ದಬ್ಬುವುದನ್ನು ನೋಡಿ ಕಳೆದುಕೊಂಡ. ತಾಯಿ ಗುತ್ತೆವ್ವನನ್ನು ಹೆಣ್ಣು ಕೇಳಲು ಕಳಿಸಿದ. ಸ್ವಂತ ಗಾಡಿಯ ವರ ಎಂದು ಲಕ್ಕಪ್ಪ ಹಿಗ್ಗಿದ. ಹುಡುಗಿ ಹಿಗ್ಗಲಿಲ್ಲ.

ಆ ದಿನ ಉಡಚಪ್ಪ ನನ್ನ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತ.

"ಶೇಖವ್ವ ಒಲ್ಲೆ ಅಂದಾಳ್ರಿ ಅಣ್ಣಾರ."

"ಯಾಕಂತ?"

"'ಎರಡು ವರ್ಷ ಅವನ ಗಾಡಿ ದಬ್ಬೇನಿ, ಒಮ್ಮೆರ ನಂದ ತಪ್ಪು ಅಂದಿಲ್ಲ ಅವ. ನಾಳೆ ಮನ್ಯಾಗ ಸಾರು ಕೆಟ್ರ ನನ್ನ ಹೆಸರು ಹೇಳ್ತಾನ, ಮಳಿ ಬರದಿದ್ರೂ ನನ್ನ ಹೆಸರ ಹೇಳ್ತಾನ. ಒಂದು ಬ್ಯಾಟರಿ ಸಂಭಾಳಿಸಾಕ ಬರಲಾರದಾಂವ ಹೇಣ್ತಿನ್ನ ಏನು ಸಂಭಾಳಿಸ್ತಾನ' ಅಂದ್ಲಂತ."

ಹುಡುಗಿಯನ್ನು ನೋಡದೆಯೇ ನನಗೆ ಅವಳ ಮೇಲೆ ಗೌರವ ಹುಟ್ಟಿತು. ಆದರೆ ಉಡಚಪ್ಪನ ಕಣ್ಣಲ್ಲಿ ನೀರಿತ್ತು. ಅಷ್ಟು ದೊಡ್ಡ ಆಳು ಮೂಗು ಒರೆಸಿಕೊಳ್ಳುವುದನ್ನು ಕಂಡು ಕರುಳು ಚುರ್ ಅಂದಿತು. ಅಷ್ಟರಲ್ಲಿ ಅವನು, "ಇದೆಲ್ಲಾ ನಿಮ್ಮ ಚಾರ್ಜಿಂಗ್ ಬರೋಬ್ಬರಿ ಇಲ್ಲದ್ದಕ್ಕ ಆತು ನೋಡ್ರಿ" ಅಂದ. ಕರುಳು ಸುಮ್ಮನಾಯಿತು.

ಲಕ್ಕಪ್ಪ ಮಗಳಿಗೆ ಕೈ ಮುಗಿದು ಕೇಳಿಕೊಂಡ ಮೇಲೆ ಅವಳು ಒಂದು ಮಾತಿಗೆ ಒಪ್ಪಿದ್ದಳು: ಸಂಕ್ರಾಂತಿ ಕಳೆದ ಮೇಲೆ ಬರಲಿ, ನಮ್ಮ ಮನೆಯ ಮುಂದೆ ಗಾಡಿ ಬಂದ್ ಮಾಡಲಿ, ಯಾರೂ ಕೈ ಹಚ್ಚದ ಹಾಗೆ ಮತ್ತೆ ಚಾಲೂ ಮಾಡಿ ತೋರಿಸಲಿ, ಆಮೇಲೆ ಮಾತು.

ದೀಪಾವಳಿ ಆಗಷ್ಟೇ ಮುಗಿದಿತ್ತು. ಅವನ ಟೆಂಪೋಕ್ಕೆ ತಕ್ಕ ಹೊಸ ಬ್ಯಾಟರಿಯನ್ನು ನಾನೇ ಆರಿಸಿ ಕೂರಿಸಿದೆ. ಅಲುಗಾಡದಂತೆ ಪಟ್ಟಿ ಬಿಗಿ, ಅಲುಗಿದರೆ ಒಳಗಿನ ಪ್ಲೇಟು ಉದುರುತ್ತವೆ ಎಂದೆ. ಟರ್ಮಿನಲ್ಲಿಗೆ ವ್ಯಾಸಲೀನ್ ಸವರು, ಹಸಿರು ಕಿಲುಬು ಬಂದರೆ ಬಿಸಿನೀರಲ್ಲಿ ತೊಳೆ ಎಂದೆ. ನೀರು ಪ್ಲೇಟು ಮುಳುಗುವಷ್ಟೇ ಇರಬೇಕು, ಕಡಿಮೆಯಾದರೆ ಬಾಟಲಿಯಲ್ಲಿ ಮಾರುವ ಬ್ಯಾಟರಿ ನೀರನ್ನೇ ಹಾಕು, ಬಾವಿಯದಲ್ಲ, ನಳದ್ದಲ್ಲ ಎಂದೆ. ಎಲ್ಲದಕ್ಕೂ ಕೋಲೆಬಸವನ ಹಾಗೆ ತಲೆಯಾಡಿಸಿದ.

ತಲೆಯಾಡಿಸಿ ಹೋದವನು ಏನು ಮಾಡಿದ ಗೊತ್ತೇ? ಹೊಸ ಬ್ಯಾಟರಿ ಗಾಡಿಯಲ್ಲೇ ಇದ್ದರೂ ಅದನ್ನು ಬಳಸಲೇ ಇಲ್ಲ. ಬಳಸಿದರೆ ಸವೆಯುತ್ತದಂತೆ. ಮೊದಲಿನ ಹಾಗೆಯೇ ಇಳಿಜಾರು ಹುಡುಕಿ ಗಾಡಿ ನಿಲ್ಲಿಸುವುದು, ಉರುಳಿಸಿ ಚಾಲೂ ಮಾಡುವುದು. ಇಳಿಜಾರು ಇಲ್ಲದ ಕಡೆ ಅದೇ ಮಂದಿ, ಅದೇ ದಬ್ಬಾಟ. ಮದುವೆಗೆಂದು ಹೊಲಿಸಿದ ಕೋಟನ್ನು ಟ್ರಂಕಿನಲ್ಲಿಟ್ಟ ಹಾಗೆ ಬ್ಯಾಟರಿಯನ್ನು ಹೆಣ್ಣು ನೋಡುವ ದಿನಕ್ಕೆ ಎತ್ತಿಟ್ಟಿದ್ದ.

"ಬ್ಯಾಟರಿ ಅಂದ್ರ ಉಪ್ಪಿನಕಾಯಿ ಅಲ್ಲೋ, ಇಟ್ಟಷ್ಟೂ ರುಚಿ ಆಗಾಕ" ಎಂದು ರಸ್ತೆಯಲ್ಲೇ ಬೈದೆ.

"ಆವತ್ತ ಒಮ್ಮೆ ಹೊಡೀತೇನಿ ನೋಡ್ರಿ ಸೆಲ್ಫು" ಎಂದು ನಕ್ಕು ಹೋದ.

ಸಂಕ್ರಾಂತಿ ಕಳೆದು ಗೊತ್ತು ಮಾಡಿದ ಭಾನುವಾರ ಬಂತು. ಉಡಚಪ್ಪನ ತಂದೆ ತೀರಿಕೊಂಡು ವರ್ಷಗಳಾಗಿದ್ದವು. ಹಿರಿಯ ಅಂತ ಒಬ್ಬರು ಬೇಕಲ್ಲ, ನನ್ನನ್ನು ಹಿಡಿದ. ಹೈಡ್ರೋಮೀಟರನ್ನೂ ತರಬೇಕಂತೆ. ಅದೊಂದು ಗಾಜಿನ ಕೊಳವೆ. ರಬ್ಬರ್ ಬುರುಡೆ ಒತ್ತಿ ಬ್ಯಾಟರಿಯ ಆ್ಯಸಿಡ್ ಹೀರಿದರೆ ಒಳಗಿನ ಗುಂಡು ತೇಲುತ್ತದೆ. ಮೇಲೆ ತೇಲಿದರೆ ಬ್ಯಾಟರಿಗೆ ಜೀವ ಇದೆ, ತಳ ಕಂಡರೆ ಇಲ್ಲ.

"ಹೆಣ್ಣಿನವರ ಮುಂದ ಅದನ್ನ ಹಿಡದು ನಿಂತ್ರ ಡಾಕ್ಟರ್ ಕಂಡಂಗ ಕಾಣ್ತೀರಿ ಅಣ್ಣಾರ" ಅಂದ. ನಾನು ಮಡಿಚಿಟ್ಟ ಧೋತರ ತೆಗೆದು ಉಟ್ಟುಕೊಂಡೆ. ಡಾಕ್ಟರ್ ಅಂದರೆ ಯಾರಿಗೆ ಬೇಡ.

ಆವತ್ತೂ ಇಳಿಜಾರಿನಿಂದ ಉರುಳಿಸಿಯೇ ಗಾಡಿ ಎಬ್ಬಿಸಿದ. ಟೆಂಪೋದಲ್ಲಿ ನನ್ನ ಪಕ್ಕ ಗುತ್ತೆವ್ವ. ಮಡಿಲಲ್ಲಿ ತಾಮ್ರದ ತಂಬಿಗೆ. ಆಕೆ ಕದರಮಂಡಲಗಿ ಹನುಮಪ್ಪನ ಭಕ್ತೆ. ಶನಿವಾರ ತಪ್ಪಿಸದೆ ಹೋಗಿ ತೀರ್ಥ ತರುತ್ತಿದ್ದಳು. ಆ ತೀರ್ಥ ಮನುಷ್ಯರಿಗಷ್ಟೇ ಅಲ್ಲ. ಎಮ್ಮೆ, ಬೀಸುಕಲ್ಲು, ರೇಷನ್ ಕಾರ್ಡು, ಎಲ್ಲಕ್ಕೂ ಬೀಳುತ್ತಿತ್ತು. ಒಮ್ಮೆ ನನ್ನ ಅಂಗಡಿಗೇ ಬಂದು, ಚಾರ್ಜಿಗೆ ಹಾಕಿದ ಬ್ಯಾಟರಿಗೆ ಊದಿನಕಡ್ಡಿ ಬೆಳಗಲು ಹೋಗಿದ್ದಳು. ಅದರಿಂದ ಏಳುವ ಗ್ಯಾಸಿಗೆ ಕಿಡಿ ತಾಗಿದ್ದರೆ ಗುತ್ತೆವ್ವನೂ ನಾನೂ ಹನುಮಪ್ಪನನ್ನು ಖುದ್ದಾಗಿ ಕಂಡು ಬರುತ್ತಿದ್ದೆವು.

ಕುಪ್ಪೇಲೂರು ಮುಟ್ಟಿದ ಕೂಡಲೇ ಉಡಚಪ್ಪನ ಕಣ್ಣು ಇಳಿಜಾರು ಹುಡುಕಿತು. ಲಕ್ಕಪ್ಪನ ಓಣಿ ಅಂಗೈಯಷ್ಟು ಸಪಾಟು. ಬೇರೆ ದಾರಿ ಕಾಣದೆ ಎಂಜಿನ್ ಬಂದ್ ಮಾಡಿದ. ದಬ್ಬುವವರನ್ನು ನಂಬಿಕೊಳ್ಳದೆ ಅವನು ಆ ಊರಲ್ಲಿ ಗಾಡಿ ಬಂದ್ ಮಾಡಿದ್ದು ಅದೇ ಮೊದಲು. ಕಟ್ಟೆಯ ಕೆಳಗೆ ಮಲಗಿದ್ದ ನಾಯಿಗಳು ಎದ್ದು ನಿಂತವು.

ಕೈಕಾಲು ತೊಳೆದೆವು, ಚುರುಮರಿ ಮಿರ್ಚಿ ತಿಂದೆವು, ಚಹಾ ಕುಡಿದೆವು. ಗುತ್ತೆವ್ವ ಎಲ್ಲರ ಅಂಗೈಗೂ ತೀರ್ಥ ಹಾಕಿದಳು, ಒಬ್ಬೊಬ್ಬರಿಗೆ ಒಂದೊಂದು ತುಳಸಿ ಎಲೆ. ಶೇಖವ್ವನಿಗೆ ಕೊಡುವಾಗ ಮಾತ್ರ ಎರಡು ಎಲೆ ಹಾಕಿ ತಲೆ ಸವರಿದಳು. ಹುಡುಗಿ ತೀರ್ಥ ತಗೊಂಡು, ಎದ್ದು ಬಾಗಿಲ ಬಳಿ ನಿಂತು, "ಹೂಂ, ನೋಡೂಣು" ಅಂದಳು.

ಓಣಿ ತುಂಬ ಜನ. ಎಲ್ಲರೂ ದಬ್ಬಿ ಪಳಗಿದವರೇ.

ಉಡಚಪ್ಪ ಸ್ಟೇರಿಂಗಿಗೆ ನಮಸ್ಕಾರ ಮಾಡಿ ಚಾವಿ ತಿರುಗಿಸಿದ. ಟಕ್ ಅಂದಿತು. ಮತ್ತೊಮ್ಮೆ ತಿರುಗಿಸಿದ. ಟಕ್. ಮೂರನೇ ಸಲ ಅದೂ ಇಲ್ಲ. ಜನರ ಹಿಂದಿನಿಂದ ಯಾರೋ, "ತೋಳು ಏರಿಸ್ರೆಪಾ" ಅಂದರು, ಓಣಿ ಪೂರಾ ನಕ್ಕಿತು. ಶೇಖವ್ವ ನಗಲಿಲ್ಲ. ಇದು ಹೀಗೇ ಆಗುತ್ತದೆ ಎಂದು ಗೊತ್ತಿದ್ದರೂ ಆಗದಿರಲಿ ಎಂದುಕೊಂಡಿದ್ದವಳ ಮುಖ ಅದು.

ಉಡಚಪ್ಪ ಕೆಳಗಿಳಿದ. ಬೆವರು ಒರೆಸಿಕೊಂಡು, ರೂಢಿಯಂತೆ ಬಾಯಿ ತೆರೆದ.

"ವಿರೂಪಾಕ್ಷಣ್ಣಾರು ಕೊಟ್ಟ ಬ್ಯಾಟರಿರೀ ಇದು…"

ನನಗೆ ನೆತ್ತಿಗೇರಿತು. ನಾನೇ ಕೈಯಾರೆ ಆರಿಸಿದ ಬ್ಯಾಟರಿ. ಹೈಡ್ರೋಮೀಟರ್ ಹಿಡಿದು ಹೋಗಿ ಬ್ಯಾಟರಿಯ ಪೆಟ್ಟಿಗೆ ತೆರೆದೆ. ಟರ್ಮಿನಲ್ಲಿಗೆ ಕುಂಕುಮ, ಅದರ ಮೇಲೆ ಹಸಿರು ಕಿಲುಬು. ಮುಚ್ಚಳ ಬಿಚ್ಚಿದರೆ ಆರೂ ಕುಳಿಗಳು ಬಾಯಿತನಕ ತುಂಬಿವೆ, ಉಕ್ಕಿದ ಆ್ಯಸಿಡ್ ಪೆಟ್ಟಿಗೆಯ ತಗಡನ್ನು ತಿಂದು ಹಾಕಿದೆ. ಕೊಳವೆ ಅದ್ದಿ ಹೀರಿದೆ. ಗುಂಡು ತಳಕ್ಕೆ ಕೂತಿತು. ಒಳಗೆ ಉಳಿದದ್ದು ಆ್ಯಸಿಡ್ಡೇ ಅಲ್ಲ, ಹೆಚ್ಚುಕಡಿಮೆ ನೀರು. ಕೊಳವೆಯನ್ನು ಮೇಲೆತ್ತಿದರೆ ತುದಿಗೆ ಏನೋ ಅಂಟಿಕೊಂಡು ಬಂತು. ಕಂದಿದ್ದರೂ ಗುರುತು ಹತ್ತಿತು. ತುಳಸಿ ಎಲೆ.

"ಬ್ಯಾಟರಿಯೊಳಗ ತೀರ್ಥ ಯಾರು ಹಾಕಿದ್ದು?" ಎಂದು ಒದರಿದೆ.

ಓಣಿ ಪೂರಾ ಗುತ್ತೆವ್ವನ ಕಡೆ ತಿರುಗಿತು. ಅದೇ ತುಳಸಿ ಎಲೆ ಆಗಷ್ಟೇ ಎಲ್ಲರ ನಾಲಗೆಯ ಮೇಲೆ ಹೋಗಿತ್ತು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗುತ್ತೆವ್ವ ತಂಬಿಗೆಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಮಗನ ಲಗ್ನ ಕೂಡಿ ಬರಲೆಂದು ಶನಿವಾರಕ್ಕೊಮ್ಮೆ ಮುಚ್ಚಳ ಬಿಚ್ಚಿ, ಆರು ಕುಳಿಗೂ ಸಮನಾಗಿ ಹನುಮಪ್ಪನನ್ನು ಹಂಚಿದ್ದಳು ಮುದುಕಿ. ಅದೇ ಲಗ್ನ ತನ್ನ ಕೈಯಿಂದಲೇ ಮುರಿದು ಬಿದ್ದದ್ದು ಆಕೆಗೆ ಈಗ ತಿಳಿಯಿತು. ನನ್ನ ಸಿಟ್ಟೆಲ್ಲ ಇಳಿದು ಹೋಯಿತು.

ಉಡಚಪ್ಪ ತಾಯಿಯ ಮುಖ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ನಾನ ಹಾಕಿದ್ದು" ಅಂದ. "ಅವ್ವ ಮಲಗಿದ್ಲು, ಅಕಿ ತಂಬಿಗಿ ತಗೊಂಡು ನಾನ ಹಾಕಿದೆ. ನೀವು ಬ್ಯಾಡ ಅಂದಿದ್ರಿ, ನಾ ಕೇಳಲಿಲ್ಲ. ನಂದ ತಪ್ಪು."

"ಅಲ್ಲೋ ನನ್ನಪ್ಪಾ…" ಗುತ್ತೆವ್ವ ಬಾಯಿ ತೆರೆದಳು.

"ನೀ ಸುಮ್ನ ಕುಂದ್ರಬೇ ಅವ್ವಾ."

ಹಸೀ ಸುಳ್ಳು. ಬ್ಯಾಟರಿಯ ಪೆಟ್ಟಿಗೆ ಎಲ್ಲಿದೆ ಎಂಬುದನ್ನೇ ಅವನು ಮರೆತಿರಬಹುದು, ಅಷ್ಟು ಸೋಮಾರಿ. ಹುಟ್ಟಿದಾಗಿನಿಂದ ತನ್ನ ತಪ್ಪುಗಳನ್ನೆಲ್ಲ ಊರವರ ಕೊರಳಿಗೆ ಕಟ್ಟಿದ ಮಗ, ತನ್ನದಲ್ಲದ ಒಂದೇ ಒಂದು ತಪ್ಪನ್ನು ಎಳೆದು ಮೈಮೇಲೆ ಹಾಕಿಕೊಂಡಿದ್ದ. ಅದೂ ಯಾರ ಮುಂದೆ ಹಾಕಿಕೊಳ್ಳಬಾರದಿತ್ತೋ ಅವಳ ಮುಂದೆಯೇ. ಹೇಳಿ ಮುಗಿಸಿ ತಲೆ ಬಗ್ಗಿಸಿ ನಿಂತ. ಆಟ ಮುಗಿಯಿತೆಂದು ಅವನಿಗೂ ಗೊತ್ತಾಗಿತ್ತು.

ಶೇಖವ್ವ ಅವನನ್ನು ನೋಡಿದಳು, ಮುದುಕಿಯ ಸೆರಗಿನೊಳಗಿನ ತಂಬಿಗೆ ನೋಡಿದಳು, ಮತ್ತೆ ಅವನನ್ನು ನೋಡಿದಳು. ಮೆಟ್ಟಿಲಿಳಿದು ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿ, ಸೆರಗು ಸಿಕ್ಕಿಸಿ, ಟೆಂಪೋ ಹತ್ತಿ ಉಡಚಪ್ಪನ ಸೀಟಿನಲ್ಲಿ ಕೂತಳು. ಕ್ಲಚ್ ಒತ್ತಿ ಎರಡನೇ ಗೇರಿಗೆ ಹಾಕಿದಳು. ಎರಡು ವರ್ಷ ಅವನ ಒದರಾಟ ಕೇಳಿದ ಮೇಲೆ ಕುಪ್ಪೇಲೂರಿನ ಎಮ್ಮೆಗಳಿಗೂ ಅಷ್ಟು ಬರುತ್ತಿತ್ತು.

ಲಕ್ಕಪ್ಪ ಗಾಬರಿಯಾಗಿ ಓಡಿ ಬಂದ. "ಏನವಾ ಇದು? ಇನ್ನೂ ಮಾತುಕತಿನ ಮುಗದಿಲ್ಲ."

"ಮುಗೀತಪಾ" ಅಂದಳು ಶೇಖವ್ವ. "ಬೀಗರೆಲ್ಲಾ ಕೂಡಿ ದಬ್ಬ್ರಿ."

ಎಲ್ಲರಿಗಿಂತ ಮೊದಲು ಹಿಂದೆ ಹೋಗಿ ಕೈ ಹಚ್ಚಿದವಳು ಗುತ್ತೆವ್ವ. ನಾನು ಧೋತರ ಎತ್ತಿ ಕಟ್ಟಿಕೊಂಡು ಆಕೆಯ ಪಕ್ಕ ನಿಂತೆ.