ಬೋರಲು ಪೆಟ್ಟಿಗೆ

ಅಟ್ಟದಿಂದ ತಗಡಿನ ಮತಪೆಟ್ಟಿಗೆ ಇಳಿಸಿ, ಚಿಕ್ಕಮ್ಮ ಅದರೊಳಗೆ ತುಂಬಿಟ್ಟಿದ್ದ ಉಲ್ಲನ್ ಉಂಡೆಗಳನ್ನೆಲ್ಲ ಮಗಳು ಮಂಚದ ಮೇಲೆ ಸುರಿದಳು.

"ಹಾಲ್‌ನಲ್ಲಿ ಅಪ್ಪನ ಹೆಣ ಇದೆ, ನಿನಗೀಗ ಇದು ಬೇಕಿತ್ತೇನೇ?"

"ಈಗಲೇ ಬೇಕು ಚಿಕ್ಕಮ್ಮ. ಸಾಯೋ ಮುಂಚೆ ಅಪ್ಪ ಕೇಳಿದ್ದು ಅದೊಂದೇ. ಆ ಹುಡುಗಿ ಜೈಲಲ್ಲಿರೋದನ್ನ ಯಾರಾದ್ರೂ ನಾಲ್ಕು ಜನರ ಮುಂದೆ ಹೇಳಿ ಅಂತ."

"ಅಪ್ಪನ ಇಲಾಖೆ ಡೈರೆಕ್ಟರ್ ಸಾಹೇಬ್ರು ಭಾಷಣ ಮಾಡ್ತಾರಲ್ಲ, ಹೇಳ್ತಾರೆ ಬಿಡು."

"ಹೇಳಲ್ವಂತೆ. ಪಕ್ಕದ ದೇಶದ ರಾಯಭಾರಿ ಬಂದಿದಾರಂತೆ, ಮುಜುಗರ ಆಗುತ್ತಂತೆ."

ಮುಜುಗರವಂತೆ! ಹೆಣದ ಮುಂದೆಯೂ ಮರ್ಯಾದೆ ಉಳಿಸಿಕೊಳ್ಳುವ ಜನ.

*

ಅಪ್ಪ ಚುನಾವಣಾ ಇಲಾಖೆಯ ತರಬೇತುದಾರ. ಎರಡು ದೇಶಗಳ ನಡುವೆ ಸಹಕಾರ ಒಪ್ಪಂದವಾದ ಮೇಲೆ ಈ ಪೆಟ್ಟಿಗೆ ಹೊತ್ತು ಆಗಾಗ ಗಡಿ ದಾಟುತ್ತಿದ್ದ. ಅಲ್ಲಿನ ಮತಗಟ್ಟೆ ಅಧಿಕಾರಿಗಳಿಗೆ ಅವನ ಮೊದಲ ಪಾಠ ಇದೇ: ಮತದಾನಕ್ಕೆ ಮುನ್ನ ಮುಚ್ಚಳ ತೆರೆದು, ಪೆಟ್ಟಿಗೆಯನ್ನು ಬೋರಲು ಹಿಡಿದು, ಎಲ್ಲರ ಕಣ್ಣೆದುರು ಕೊಡವಬೇಕು. ಆಮೇಲೇ ಮುದ್ರೆ. ಈ ಚಾಳಿ ಮನೆಗೂ ಅಂಟಿತ್ತು. ಶಾಲೆಗೆ ಹೋಗುವ ಮಗಳ ಊಟದ ಡಬ್ಬಿಯನ್ನೂ ಬೋರಲು ಹಿಡಿದು, "ಖಾಲಿ ಇದೆ ಅಂತ ಒಪ್ಕೊಂಡ್ಯಾ, ಮತದಾರಳೇ?" ಎಂದು ಕೇಳಿಯೇ ತುಂಬುತ್ತಿದ್ದ.

ಕಳೆದ ಚುನಾವಣೆಯಲ್ಲಿ ಅಲ್ಲಿನ ಅವನ ಶಿಷ್ಯೆಯೊಬ್ಬಳು ಹೇಳಿಕೊಟ್ಟಂತೆಯೇ ಪೆಟ್ಟಿಗೆ ಕೊಡವಿದಳು. ಇನ್ನೂ ಒಬ್ಬರೂ ಮತ ಹಾಕಿರಲಿಲ್ಲ. ಆಳುವ ಪಕ್ಷಕ್ಕೆ ಮುದ್ರೆ ಒತ್ತಿದ್ದ ಮತಪತ್ರಗಳು ರಾಶಿ ರಾಶಿ ಉದುರಿದವು. ಸಂಜೆಯೊಳಗೆ ಅವಳನ್ನು ಜೈಲಿಗೆ ತಳ್ಳಿದರು. ಸುದ್ದಿ ಕೇಳಿದ್ದೇ ಅಪ್ಪ ಡೈರೆಕ್ಟರರ ಕೋಣೆಗೆ ಓಡಿದ.

"ಒಂದೇ ಒಂದು ಮಾತು ಆಡಿ ಸಾರ್. ನಾವು ಕಲಿಸಿದ್ದನ್ನೇ ಅವಳು ಮಾಡಿದ್ದು."

"ಕಲಿಸೋದಷ್ಟೇ ನಮ್ಮ ಕೆಲಸ ಕಣ್ರೀ. ಅವರ ವಿಷಯಕ್ಕೆ ತಲೆ ಹಾಕಿದ್ರೆ ಮುಂದಿನ ತರಬೇತಿಗೆ ಒಳಗೆ ಬಿಟ್ಕೊಳ್ತಾರಾ?"

"ಅವಳನ್ನ ಜೈಲಿಗೆ ಕಳಿಸಿದ್ದು ನಾನೇ ಕಣೇ" ಎಂದು ಮಗಳೆದುರು ಕೊರಗಿ ಕೊರಗಿಯೇ ಅಪ್ಪ ಸತ್ತ.

*

ಮಗಳು ಪೆಟ್ಟಿಗೆ ಹಿಡಿದು ಹಾಲ್‌ಗೆ ಬಂದಾಗ ಡೈರೆಕ್ಟರರು ಮೈಕ್ ಮುಂದಿದ್ದರು. ಗಡಿಯಾಚೆ ಪ್ರಜಾಪ್ರಭುತ್ವಕ್ಕೆ ನೀರೆರೆದ ಮಹನೀಯರು ಎಂದೇನೇನೋ ಹೇಳುತ್ತಿದ್ದರು. ಅವಳು ನೇರ ರಾಯಭಾರಿಯ ಎದುರು ನಿಂತು, ಮುಚ್ಚಳ ತೆರೆದು, ಪೆಟ್ಟಿಗೆಯನ್ನು ಬೋರಲು ಹಿಡಿದು ಕೊಡವಿದಳು.

"ಇದನ್ನ ಹೀಗೆ ತೋರಿಸಿದ್ದಕ್ಕೆ, ನಿಮ್ಮಲ್ಲಿ..."

"ಇದೇ ನೋಡಿ ಅವರ ಮೊದಲ ಪಾಠ!" ಎಂದು ಅವಳ ಮಾತು ತುಂಡರಿಸಿದರು ಡೈರೆಕ್ಟರರು ಮೈಕಿನಲ್ಲಿ, ಚಪ್ಪಾಳೆ ತಟ್ಟುತ್ತ. ಜನರೂ ತಟ್ಟಿದರು. ರಾಯಭಾರಿ ಎದ್ದು ಬಂದು ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದು ಫೋಟೋಗೆ ನಿಂತ.

"ಆ ಹುಡುಗಿ ಬದುಕಿದಾಳಾ?" ಮಗಳು ಪಿಸುಗುಟ್ಟಿದಳು.

"ಕ್ಯಾಮೆರಾ ಕಡೆ ನೋಡಿ ತಾಯಿ" ಎಂದ ರಾಯಭಾರಿ.

ಅವಳು ಕೈಬಿಟ್ಟು ಅಪ್ಪನ ಕಾಲ ಬಳಿ ಹೋಗಿ ಕೂತಳು. ಪೆಟ್ಟಿಗೆ ಬೋರಲಾಗಿಯೇ ರಾಯಭಾರಿಯ ಕೈಯಲ್ಲಿ ಉಳಿಯಿತು. ಒಳಗೆಲ್ಲೋ ಸಿಕ್ಕಿಕೊಂಡಿದ್ದ ಕೆಂಪು ಉಲ್ಲನ್ನಿನ ಎಳೆಯೊಂದು ಜಾರಿ ಅವನ ಬೂಟಿನ ಮೇಲೆ ಬಿತ್ತು. ಡೈರೆಕ್ಟರರು ಬಗ್ಗಿ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡು, "ಇನ್ನೊಂದು ಫೋಟೋ ತೆಗೀರಿ" ಎಂದರು.