ವಾಯುರಾಜನ ಅಪ್ಪ

ಧರ್ಮರಾಜ ಬರೆದು ಚಿತ್ರಿಸಿದ ‘ವಾಯುರಾಜ’ ಕಾಮಿಕ್ಸಿನ ಮೊದಲ ಸಂಚಿಕೆ ಅಚ್ಚಾಗಿ ಮನೆಗೆ ಬಂದಿತ್ತು. ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಪ್ಪ ಹುಲಿಗೆಪ್ಪ ಬಾಗಿಲಲ್ಲಿ ಕೂತು, ಮರಾಠಿ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತ, ಕೊನೆಯ ಪುಟಕ್ಕೆ ಬಂದಿದ್ದ. ಅಪ್ಪ ಅದನ್ನು ಓದುತ್ತಾನೆಂದು ಧರ್ಮರಾಜ ಎಣಿಸಿರಲಿಲ್ಲ.

ಕೆಲಸ ಅರಸಿ ಮರಾಠಿ ಸೀಮೆಗೆ ಬಂದ ಅಪ್ಪ, ಮಗ ಇಬ್ಬರೂ ವಾಕಡದ ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಹಚ್ಚುವವರು. ಮಗ ಹಲಗೆಯ ಜೋಕಾಲಿಯಲ್ಲಿ ಕೂತು ಗೋಡೆಗುಂಟ ಇಳಿಯುತ್ತಿದ್ದ. ಅಪ್ಪ ಟೆರೇಸಿನ ಮೇಲೆ ನಿಂತು, ಕಂಬಕ್ಕೆ ಸುತ್ತಿದ ಹಗ್ಗವನ್ನು ಸ್ವಲ್ಪಸ್ವಲ್ಪವೇ ಬಿಡುತ್ತಿದ್ದ. ಹೋದ ವರ್ಷ ಹುಲಿಗೆಪ್ಪ ಫೋನ್ ತೆಗೆಯಲು ಹೋದಾಗ ಹಗ್ಗ ಜಾರಿ, ಧರ್ಮರಾಜ ಕೂತಿದ್ದ ಜೋಕಾಲಿ ಧಡ್ಡನೆ ಕೆಳಗಿಳಿದು ನಿಂತಿತ್ತು. “ಏನೂ ಆಗಿಲ್ಲಲ್ಲ” ಎಂದಿದ್ದ ಅಪ್ಪ, ಅಷ್ಟೇ. ಅಂದಿನಿಂದ ಇಬ್ಬರ ನಡುವೆ ಕೆಲಸದ ಮಾತಷ್ಟೇ ಉಳಿದಿತ್ತು.

ಬಾಯಲ್ಲಿ ಹೇಳಲಾಗದ್ದನ್ನು ಧರ್ಮರಾಜ ಚಿತ್ರದಲ್ಲಿ ಹೇಳಿದ್ದ. ವಾಯುರಾಜ ಹಾರಿಹೋಗಿ ಜನರನ್ನು ಕಾಪಾಡುತ್ತಾನೆ. ಅವನ ಅಪ್ಪ ಗೋಪುರದ ಮೇಲಿಂದ ದಾರಿ ತೋರಿಸುತ್ತಾನೆ. ಒಮ್ಮೆ ಅಪ್ಪ ಎತ್ತಲೋ ನೋಡುತ್ತಾನೆ, ಮಗ ಬೀಳುತ್ತಾನೆ. ಎದ್ದು ಬಂದವನು ‘ಇನ್ನು ನೀನು ಬೇಡ’ ಎನ್ನುವಲ್ಲಿಗೆ ಸಂಚಿಕೆ ಮುಗಿಯುತ್ತದೆ. ಆ ಅಪ್ಪನ ಮೀಸೆ, ಹೆಗಲ ಟವೆಲು ಎಲ್ಲ ಹುಲಿಗೆಪ್ಪನವೇ.

ಹುಲಿಗೆಪ್ಪ ಪುಸ್ತಕ ಮುಚ್ಚಿದ. “ನಡಿ, ಹೊತ್ತಾತು.”

ಟೆರೇಸಿಗೆ ಬಂದಮೇಲೆ ಹುಲಿಗೆಪ್ಪ ಜೋಕಾಲಿಯ ಬೆಲ್ಟನ್ನು ತನ್ನ ಸೊಂಟಕ್ಕೇ ಕಟ್ಟಿಕೊಂಡ.

“ಇವತ್ತ ನಾ ಇಳೀತೀನಿ. ನೀ ಹಗ್ಗ ಹಿಡಿ.”

“ಬ್ಯಾಡಪ್ಪಾ, ನಿನ್ನ ಮೊಣಕಾಲು…”

“ಕುಂಡ್ರೂದಕ್ಕ ಮೊಣಕಾಲು ಯಾಕ ಬೇಕು?”

ಅಪ್ಪನ ತಲೆ ಟೆರೇಸಿನ ಅಂಚಿನ ಕಟ್ಟೆಯ ಆಚೆ ಮರೆಯಾಯಿತು. ಈಗ ಧರ್ಮರಾಜನಿಗೆ ಕಾಣುತ್ತಿದ್ದುದು ಹಗ್ಗವೊಂದೇ. ಬಗ್ಗಿ ನೋಡೋಣವೆಂದರೆ ಅದನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಗಾಳಿ ಎದ್ದಿತು. ಹಗ್ಗ ಅತ್ತಿತ್ತ ಹೊಯ್ದಾಡಿ, ಕಟ್ಟೆಗೆ ಉಜ್ಜಿ ಕಿರುಗುಟ್ಟಿತು.

“ಅಪ್ಪಾ?”

ಉತ್ತರವಿಲ್ಲ. ಕೆಳಗೆ ರಸ್ತೆಯ ಗದ್ದಲ. ಮತ್ತೆ ಕೂಗಿದ. ಅಷ್ಟರಲ್ಲಿ ಹಗ್ಗ ಜಗ್ಗಿ ಅಂಗೈಯಲ್ಲಿ ಸರ್ರನೆ ಜಾರಿತು. ಧರ್ಮರಾಜ ಕಂಬಕ್ಕೆ ಕಾಲು ಕೊಟ್ಟು, ಹಿಂದಕ್ಕೆ ವಾಲಿ ಬಿಗಿಹಿಡಿದ. ಹಗ್ಗ ನಿಂತಿತು. ಅಂಗೈ ಸುಲಿದಿತ್ತು.

“ಸಾವಕಾಶ ಬಿಡೋ,” ಎಂದು ಕೆಳಗಿನಿಂದ ದನಿ ಬಂತು. ಧರ್ಮರಾಜನ ಕಣ್ಣಲ್ಲಿ ನೀರು ತುಂಬಿತು.

ನೆಲ ಮುಟ್ಟಿದ ಹುಲಿಗೆಪ್ಪ ಲಿಫ್ಟಿನಲ್ಲಿ ಮೇಲೆ ಬಂದು, ಮಗನ ಅಂಗೈ ಹಿಡಿದು ನೋಡಿದ.

“ಅವತ್ತ ಹಗ್ಗ ಜಾರಿದಾಗ ನೀ ಹೋದಿ ಅಂತನ ತಿಳ್ಕೊಂಡಿದ್ದೆ. ಬಾಯಿ ತೆಗದ್ರ ಅಳು ಬರ್ತಿತ್ತು.”

“ಅಪ್ಪಾ, ಪುಸ್ತಕ ಪ್ರಣೀತಾ ನಾಳಿ ಅಂಗಡಿಗೆ ಕೊಡ್ತಾಳ. ನೀ ಬ್ಯಾಡ ಅಂದ್ರ ನಿಲ್ಲಸ್ತೀನಿ.” ಪ್ರಣೀತಾ ಅದನ್ನು ಅಚ್ಚು ಹಾಕಿಸಿದ ಗೆಳತಿ.

“ಕೊಡ್ಲಿ. ನೀ ಬರದದ್ದು ಖರೇನ ಅದ.” ಟವೆಲಿನ ಅಂಚು ಹರಿದು ಅವನ ಅಂಗೈಗೆ ಸುತ್ತತೊಡಗಿದ. “ಆದ್ರ ಆ ಮುದಕನ ಮಾರಿ ಒಂದ್ಸಲನೂ ಎದುರಿನಿಂದ ತೆಗದಿಲ್ಲ ನೀ.”

ಹೌದು, ಆ ಅಪ್ಪನನ್ನು ಧರ್ಮರಾಜ ಬರೇ ಪಕ್ಕದಿಂದ, ಹಿಂದಿನಿಂದ ಚಿತ್ರಿಸಿದ್ದ.

ಊಟವಾದ ಮೇಲೆ ಜೋಕಾಲಿಯಲ್ಲಿ ಧರ್ಮರಾಜನೇ ಕೂತ. ಹೆದರಿಕೆ ಹೋಗಿರಲಿಲ್ಲ. ಕಟ್ಟೆ ದಾಟುವಾಗ ಅಂಗೈ ಉರಿಯಿತು. ಮೊದಲ ಅಂತಸ್ತು ಇಳಿದಾಗ ಮೇಲಿನಿಂದ ಕೇಳಿಸಿತು:

“ಇದ್ದೀನಿ.”

ಇಷ್ಟು ವರ್ಷದಲ್ಲಿ ಅಪ್ಪ ಹಾಗೆ ಕೂಗಿದ್ದಿಲ್ಲ. ಧರ್ಮರಾಜ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿದ.